ಮಡಿಸಿಟ್ಟ ಅಂಚು

ಅಪ್ಪನ ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಸೇರಿಕೊಂಡಿದ್ದ ಅಂಟು ಬಿಸಿನೀರಿಗೂ ಬಿಡಲಿಲ್ಲ. ಮಗಳು ಬಟ್ಟೆಯ ತುದಿಯನ್ನು ಹುರಿ ಮಾಡಿ ಇನ್ನೊಮ್ಮೆ ತಿಕ್ಕಿದಳು.

“ಸಾಕು ಬಿಡೇ,” ಎಂದಳು ಅತ್ತೆ, ಸತ್ತವನ ತಂಗಿ. “ಐವತ್ತು ವರ್ಷದ ಅಂಟು. ನಿಮ್ಮಮ್ಮನ ಕೈಲೇ ಆಗಲಿಲ್ಲ, ನಿನ್ನ ಕೈಲಿ ಆಗತ್ತಾ?”

ಹನ್ನೊಂದಕ್ಕೆ ವ್ಯಾನು ಬರುವುದಿತ್ತು. ಮುಂದಿನ ಕೋಣೆಯಲ್ಲಿ ಹನ್ನೆರಡು ಕುರ್ಚಿ ಹಾಕಿಸಿ, ಅದೇ ಹೆಚ್ಚಾಯಿತೆಂದು ಮಗಳು ಅಂದುಕೊಂಡಿದ್ದಳು. ತುಟಿ ಹೊಲಿದುಕೊಂಡು ಬದುಕಿದವನ ಮನೆಗೆ ಯಾರು ಬರುತ್ತಾರೆ? ಆದರೆ ಒಂಬತ್ತೂವರೆಯ ಹೊತ್ತಿಗೆ ಕುರ್ಚಿ ತುಂಬಿ, ಜನ ಗೋಡೆಗೊರಗಿ ನಿಂತಿದ್ದರು. ಎಲ್ಲರೂ ಲೈಬ್ರರಿಗೆ ಬರುವವರು. ಅಪ್ಪ ಅಲ್ಲಿ ಹರಿದ ಪುಸ್ತಕಗಳಿಗೆ ಬೈಂಡ್ ಹಾಕುತ್ತಿದ್ದ. ಅವರಲ್ಲಿ ಒಬ್ಬರ ಮುಖವೂ ಅವಳಿಗೆ ಗೊತ್ತಿರಲಿಲ್ಲ.

“ಏನು ಮಾತು, ಏನು ಮಾತು!” ಎಂದ ಬಸ್ ಕಂಡಕ್ಟರಾಗಿ ನಿವೃತ್ತನಾದ ಮುದುಕ. “ಅವರ ಕೋಣೇಲಿ ಹೋಗಿ ಕೂತ್ರೆ ಹೊತ್ತು ಹೋಗಿದ್ದೇ ತಿಳೀತಿರಲಿಲ್ಲ.”

ಬೇರೆ ಯಾರ ಸಾವಿಗೋ ಬಂದು ಮನೆ ತಪ್ಪಿದನೇನೋ ಎಂದು ಮಗಳು ಅವನನ್ನೇ ನೋಡಿದಳು.

“ಹಳೇ ಕಾದಂಬರಿ ಹೊಲಿಗೆಗೆ ಬಂತು ಅಂದ್ರೆ ಮೊದಲು ಓದೋರು,” ಕಂಡಕ್ಟರ್ ಅತ್ತೆಯ ಕಡೆ ತಿರುಗಿದ. “ಆಮೇಲೆ ಅದರೊಳಗಿರೋ ಅಪ್ಪಂದಿರಿಗೆ, ಗಂಡಂದಿರಿಗೆ ಮಾರ್ಕ್ಸು! ಕುಡಿದು ಬಡಿದು, ಬೆಳಗ್ಗೆ ಎದ್ದು ಹೆಂಡತಿ ಕಾಲು ಹಿಡಿಯೋನಿಗೆ ನೂರಕ್ಕೆ ಹನ್ನೆರಡು. ಮಗಳನ್ನ ಕೋಣೇಲಿ ಕೂಡಿಹಾಕಿ ನೀತಿ ಹೇಳೋನಿಗೆ ಐದು. ‘ಅಂಥವನಿಗೆ ಐದಾದ್ರೂ ಯಾಕೆ ಸ್ವಾಮಿ, ಸೊನ್ನೆ ಸುತ್ತಿ’ ಅಂದೆ ನಾನು. ‘ಹೋಗಲಿ ಬಿಡಯ್ಯ, ಬಾಯಿಬಿಟ್ಟು ಬೈತಾನಲ್ಲ, ಅದಕ್ಕೆ ಐದು’ ಅಂದ್ರು.”

“ನಿನಗೆಷ್ಟಪ್ಪಾ ಅಂತ ಯಾರೂ ಕೇಳಲಿಲ್ವಾ?” ಎಂದಳು ಅತ್ತೆ. ಅಣ್ಣ ಸತ್ತರೂ ಅವಳ ನಾಲಿಗೆ ಮೆತ್ತಗಾಗಿರಲಿಲ್ಲ.

“ಕೇಳದೆ ಬಿಡ್ತೀವಾ? ‘ನನ್ನ ಪುಸ್ತಕ ಇನ್ನೂ ಹೊಲಿಗೆಗೆ ಬಂದಿಲ್ಲ’ ಅನ್ನೋರು.”

ಜನ ನಕ್ಕರು, ನಕ್ಕಿದ್ದಕ್ಕೆ ನಾಚಿ ಹೆಣದ ಕಡೆ ನೋಡಿದರು. ಮಗಳು ಬೇಸಿನ್ನಿನ ನೀರು ಚೆಲ್ಲಲು ಬಚ್ಚಲಿಗೆ ಹೋದಳು. ಈ ಮನೆಯಲ್ಲಿ ಅಪ್ಪನಿಗೆ ಇದ್ದದ್ದು ಎರಡೇ ಮಾತು: ‘ಊಟ ಆಯ್ತಾ’, ‘ಬಾಗಿಲು ಹಾಕ್ಕೋ’. ಉಳಿದದ್ದೆಲ್ಲ ಅಲ್ಲಿ ಖರ್ಚಾಗಿತ್ತು.

*

ಅಮ್ಮ ಇಪ್ಪತ್ತೊಂದು ದಿನ ಆಸ್ಪತ್ರೆಯಲ್ಲಿದ್ದಳು. ಮಗಳಿಗೆ ಆಗ ಹದಿನಾಲ್ಕು. ಅಪ್ಪ ದಿನವೂ ವಾರ್ಡಿನ ಬಾಗಿಲವರೆಗೆ ಬಂದು, ಊಟದ ಡಬ್ಬಿ ಕೊಟ್ಟು, ಅಲ್ಲಿಂದಲೇ ತಿರುಗುತ್ತಿದ್ದ. ಇಪ್ಪತ್ತೊಂದನೆಯ ದಿನ ಡಾಕ್ಟರು “ಮನೆಯವರನ್ನ ಕರೆಸಿಬಿಡಿ” ಎಂದಾಗ ಮಗಳು ಚಪ್ಪಲಿಯನ್ನೂ ಹಾಕದೆ ಲೈಬ್ರರಿಗೆ ಓಡಿದಳು. ಅಪ್ಪ ಹಿಂದಿನ ಕೋಣೆಯಲ್ಲಿ ಪುಸ್ತಕದ ಬೆನ್ನಿಗೆ ಅಂಟು ಬಳಿಯುತ್ತಿದ್ದ.

“ಅಪ್ಪಾ, ಬಾ. ಅಮ್ಮ ಕರೀತಿದಾಳೆ.”

“ನೀನು ನಡಿ, ಬಂದೆ,” ಎಂದ, ತಲೆ ಎತ್ತದೆ. “ಅಂಟು ಹಚ್ಚಿಬಿಟ್ಟಿದೀನಿ. ಒಣಗಿಬಿಡತ್ತೆ.”

ಅಮ್ಮ ಬಾಗಿಲನ್ನೇ ನೋಡುತ್ತ ನಾಲ್ಕಕ್ಕೆ ಕಣ್ಣುಮುಚ್ಚಿದಳು. ಅಪ್ಪ ಬಂದಾಗ ಐದೂವರೆ. ಅವನ ಬೆರಳ ಮೇಲೆ ಅಂಟು ಒಣಗಿ ಹೊಪ್ಪಳೆ ಎದ್ದಿತ್ತು.

ಒಂದು ತಿಂಗಳ ಮೇಲೆ, ಹೊಲಿಯಲೆಂದು ಅವನು ಮನೆಗೆ ತಂದಿಟ್ಟಿದ್ದ ಒಂದು ಕಾದಂಬರಿಯನ್ನು ಮಗಳು ಓದಿದಳು. ಅದರಲ್ಲೂ ಒಬ್ಬ ಅಪ್ಪ. ಕುಡುಕ, ಮನೆ ಬಿಟ್ಟು ಹೋದವನು. ಹೆಂಡತಿ ಸಾಯುವ ಹೊತ್ತಿಗೆ ಕೆಸರುಗಾಲಲ್ಲೇ ಓಡಿಬಂದು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಳ್ಳುತ್ತಾನೆ. ಆ ಪುಟದ ಅಂಚಿನುದ್ದಕ್ಕೂ ಮಗಳು ಶಾಯಿಯಲ್ಲಿ ಬರೆದಳು: ‘ನಮ್ಮಪ್ಪ ಇವನಿಗಿಂತ ಕೆಟ್ಟವನು. ಇವನು ಕೊನೆಗಾದರೂ ಬಂದ.’

ಅಪ್ಪನ ಕಣ್ಣಿಗೆ ಬೀಳಲೆಂದೇ ಬರೆದದ್ದು. ಮಾರನೆಯ ದಿನ ಪುಸ್ತಕ ಲೈಬ್ರರಿಗೆ ಹೋಯಿತು. ಹೊಲಿದ ಪುಸ್ತಕದ ಮೂರು ಬದಿಯನ್ನೂ ದೊಡ್ಡ ಕತ್ತಿಗೆ ಕೊಟ್ಟು ಸಮ ಮಾಡುತ್ತಾರೆಂದು ಬೈಂಡರನ ಮಗಳಿಗೆ ಗೊತ್ತಿತ್ತು. ಅಂಚಿನಲ್ಲಿದ್ದದ್ದು ಕಸದ ಬುಟ್ಟಿಗೆ. ಅಪ್ಪ ಏನೂ ಹೇಳಲಿಲ್ಲ. ಓದಿದನೋ, ನೋಡದೆ ಕತ್ತಿಗೆ ಕೊಟ್ಟನೋ? ನಲವತ್ತು ವರ್ಷ ಒಂದೇ ಸೂರಿನಡಿ ಇದ್ದೂ ಕೇಳುವ ಧೈರ್ಯ ಅವಳಿಗೆ ಬರಲಿಲ್ಲ. ಅದೊಂದು ತಿಳಿದಿದ್ದರೆ ಈ ದಿನ ಅಳಬೇಕೋ ಬೇಡವೋ ಎಂಬುದಾದರೂ ಗೊತ್ತಾಗುತ್ತಿತ್ತು.

*

ಹತ್ತೂಮುಕ್ಕಾಲಿಗೆ ಲೈಬ್ರರಿ ಮೇಡಂ ಏದುಸಿರು ಬಿಡುತ್ತ ಬಂದರು. ಕೈಚೀಲದಿಂದ ಅಪ್ಪನ ಸಾಮಾನು ತೆಗೆದು ಒಂದೊಂದಾಗಿ ಮೇಜಿನ ಮೇಲಿಟ್ಟರು: ಗಂಜಿಹಾಕಿದಂತೆ ಬಿರುಸಾದ ಏಪ್ರನ್ನು, ಹಾಳೆ ಮಡಿಸುವ ಮೂಳೆಪಟ್ಟಿ, ರಟ್ಟಿಲ್ಲದ ಒಂದು ಪುಸ್ತಕ.

“ಇದು ಲೈಬ್ರರೀದು. ಆದ್ರೆ ಅವರು ಕೊನೆಗೆ ಕೈಲಿ ಹಿಡಿದ ಕೆಲಸ ಅಲ್ವಾ, ನಿಮಗೆ ತೋರಿಸೋಣ ಅಂತ ತಂದೆ. ಹೊಲಿಗೆ ಆಗಿದೆ, ಕತ್ತರಿಸೋದು ಬಾಕಿ. ಇದಕ್ಕೆ ನಾಲ್ಕನೇ ಸಲ ಬೈಂಡಮ್ಮಾ ಇದು! ಎರಡು ಸಲ ರದ್ದಿಗೆ ಹಾಕೋಣ ಅಂದೆ. ಜಗಳಕ್ಕೇ ಬಂದ್ರು.”

“ಅದರೊಳಗಿನ ಅಪ್ಪನಿಗೆ ಮಾತ್ರ ಮಾರ್ಕ್ಸ್ ಕೊಡಲಿಲ್ಲ,” ಕಂಡಕ್ಟರ್ ಕೂತಲ್ಲಿಂದಲೇ ಹೇಳಿದ. “ಎಷ್ಟು ಪೀಡಿಸಿದ್ರೂ ‘ಇವನ ಪೇಪರ್ ಆಗಲೇ ತಿದ್ದಿಯಾಗಿದೆ’ ಅಂತಿದ್ರು.”

ಮಗಳು ಪುಸ್ತಕವನ್ನು ಕೈಗೆತ್ತಿಕೊಂಡಳು. ಹಾಳೆಗಳ ಅಂಚು ಒಂದರ ಮೇಲೊಂದು ಸರಿಯಾಗಿ ಕೂತಿತ್ತು. ನಡುವೆ ಒಂದು ಹಾಳೆ ಮಾತ್ರ ಗಿಡ್ಡ. ತೆರೆದಳು. ಅದು ಗಿಡ್ಡವಲ್ಲ. ಅಂಚನ್ನು ಒಳಕ್ಕೆ ಮಡಿಸಿಡಲಾಗಿತ್ತು. ಹೊರಗೆ ಚಾಚಿದ್ದನ್ನು ಮಾತ್ರ ಕತ್ತಿ ಒಯ್ಯುತ್ತದೆ.

ಉಗುರಿನಿಂದ ಮಡಿಕೆ ಬಿಡಿಸಿದಳು. ಹದಿನಾಲ್ಕರ ಹುಡುಗಿಯ ಗುಂಡು ಅಕ್ಷರ. ಒಂದು ಕೊಂಬೂ ಹೋಗಿರಲಿಲ್ಲ. ಅಂಚಿನಲ್ಲಿ ಒಂದರ ಪಕ್ಕ ಒಂದು ಮಡಿಕೆಯ ಗೆರೆ, ಎಣಿಸಿದರೆ ನಾಲ್ಕು. ಹಾಳೆಯ ಹಿಂಬದಿ ನೋಡಿದಳು. ಮುಂದಿನ ಪುಟ, ಹಿಂದಿನ ಪುಟ ನೋಡಿದಳು. ಎಲ್ಲೂ ಒಂದು ಪೆನ್ಸಿಲ್ ಚುಕ್ಕೆ ಕೂಡ ಇರಲಿಲ್ಲ.

ಹೊರಗೆ ವ್ಯಾನಿನ ಹಾರನ್ ಕೇಳಿಸಿತು. ಕಂಡಕ್ಟರ್ ಎದ್ದು ಅಂಗಿಯ ತೋಳು ಮಡಿಸಿದ.

“ಪುಸ್ತಕ ಆಮೇಲೆ ನೋಡ್ಕೊಳ್ಳೋವಂತೆ ಏಳೇ,” ಎಂದಳು ಅತ್ತೆ.

“ಒಂದು ನಿಮಿಷ ಅತ್ತೆ.” ಮಗಳು ಮೇಡಂ ಕಡೆ ನೋಡಿದಳು. “ಇದನ್ನ ಇನ್ನು ಯಾರು ಕತ್ತರಿಸ್ತಾರೆ?”

“ಪ್ರೆಸ್ಸಿನವರಿಗೆ ಕೊಡ್ತೀವಿ. ಅವರು ಇವರ ಹಾಗೆ ಹಾಳೆ ಹಾಳೆ ನೋಡ್ತಾ ಕೂರಲ್ಲ. ಹೊರಗಿದ್ದದ್ದೆಲ್ಲ ಹೋಯ್ತು.”

ಮಗಳು ಹಾಳೆಯನ್ನು ಮೇಜಿನ ಮೇಲೆ ಹರವಿದಳು. ಮೂಳೆಪಟ್ಟಿ ತೆಗೆದುಕೊಂಡು, ಅಂಚು ಹೊರಕ್ಕೆ ಚಾಚಿ ಕತ್ತಿಗೆ ಸಿಗುವಂತೆ ಮಡಿಕೆಯ ಮೇಲೆ ಒಮ್ಮೆ ಎಳೆದಳು. ಇನ್ನೊಮ್ಮೆ, ಭಾರ ಹಾಕಿ. ಆಮೇಲೆ ಕೈ ತೆಗೆದಳು.

ಕಾಗದ ಚೂರು ಹೊತ್ತು ಮಲಗಿತ್ತು. ಮತ್ತೆ ಮೆಲ್ಲಗೆ ತಾನಾಗಿಯೇ ಎದ್ದು, ಒಳಕ್ಕೆ ಮಡಿಸಿಕೊಂಡಿತು.