ಗ್ಲಾಸಿನಲ್ಲಿ ಮೂಡದ ಗೆರೆ

ಈ ಸಲ ಮೆಣಸಿನಕಾಯಿ ಒಬ್ಬಳೇ ಸುಟ್ಟೆ. ಸೆಪ್ಟೆಂಬರ್ ಬಂತೆಂದರೆ ನಮ್ಮ ಪ್ಲೊವ್‌ದಿವ್‌ನಲ್ಲಿ ಓಣಿಗೆ ಓಣಿಯೇ ಅಂಗಳಕ್ಕಿಳಿದು, ಕೆಂಪು ದಪ್ಪ ಮೆಣಸಿನಕಾಯಿ ಸುಟ್ಟು ಚಳಿಗಾಲಕ್ಕೆ ಗೊಜ್ಜು ಮಾಡಿಡುತ್ತದೆ. ಪ್ರತಿ ವರ್ಷ ಸುಡುವವನು ನನ್ನ ಗಂಡ ಲ್ಯುಬೆನ್, ಸಿಪ್ಪೆ ಸುಲಿಯುವವಳು ನಾನು. ಈ ಸಲ ಎರಡನ್ನೂ ಮಾಡಿ, ಬೆರಳು ಸುಟ್ಟುಕೊಂಡು, ಅವನಿಲ್ಲದ ಅಂಗಳಕ್ಕೆ ಬೈದೆ.

ಅವನು ಫಿಸಿಕ್ಸ್ ಮೇಷ್ಟ್ರು. ಬೇಸಿಗೆಯಿಂದ ಬೆಟ್ಟದ ಮೇಲಿನ ಕ್ಷಯದ ಆಸ್ಪತ್ರೆಯಲ್ಲಿದ್ದಾನೆ. ರೋಗ ಮೊಂಡು, ಮಾತ್ರೆಗಳು ಅದಕ್ಕಿಂತ ಮೊಂಡು. ರೋಗದ ಜೊತೆಗೆ ಲಿವರನ್ನೂ ತಿನ್ನುತ್ತವೆ. ಒಮ್ಮೆ ಕಣ್ಣು ಹಳದಿಯಾಗಿ ಮಾತ್ರೆ ನಿಲ್ಲಿಸಿದ್ದರು. ಮತ್ತೆ ನಿಲ್ಲಿಸಬೇಕಾಗಿ ಬಂದರೆ ಕೊಡಲು ಬೇರೆ ಮದ್ದಿಲ್ಲವೆಂದು ಡಾಕ್ಟರು ಹೇಳಿಬಿಟ್ಟಿದ್ದಾರೆ.

ಪ್ರಯೋಗಾಲಯದಲ್ಲಿ ಲಿವರ್ ಕಾಯುವ ಮದ್ದು ಮಾಡುವುದೇ ನನ್ನ ಕಸುಬು! ನಮ್ಮ ಕಡೆ ಬಿಳಿಮುಳ್ಳು ಅನ್ನುವ ಗಿಡವಿದೆ. ಅದರ ಬೀಜದ ಸಾರವನ್ನು ಹಾಗೇ ಕುಡಿದರೆ ಮೈಗೆ ಅಷ್ಟಾಗಿ ಹತ್ತುವುದಿಲ್ಲ. ಕಣ್ಣಿಗೆ ಕಾಣದ ನ್ಯಾನೊ ಕಣಗಳಲ್ಲಿ ತುಂಬಿ ಕೊಟ್ಟರೆ ಲಿವರಿನವರೆಗೆ ಹೋಗುತ್ತದೆ. ಇಲಿಗಳಲ್ಲಿ ಗೆದ್ದಿದ್ದೇವೆ. ಈಗ ಲ್ಯುಬೆನ್ ಇರುವ ಆಸ್ಪತ್ರೆಯಲ್ಲೇ ಮನುಷ್ಯರ ಮೇಲೆ ಪರೀಕ್ಷೆ, ಅವನೂ ಅದರಲ್ಲಿ ಒಬ್ಬ. ಅರ್ಧ ಜನಕ್ಕೆ ಮದ್ದು, ಅರ್ಧ ಜನಕ್ಕೆ ಅದೇ ಬಣ್ಣದ, ಅದೇ ಕಹಿಯ ನೀರು. ಯಾರಿಗೆ ಯಾವುದೆಂದು ರೋಗಿಗೂ ಗೊತ್ತಾಗಬಾರದು, ಡಾಕ್ಟರಿಗೂ, ನಮಗೂ. ಅದಕ್ಕೇ ಕಂದು ಬಾಟಲಿ, ಬಾಟಲಿಯಿಂದಲೇ ಕುಡಿಯಬೇಕೆಂಬ ನಿಯಮ.

ಭಾನುವಾರ ನೋಡಲು ಹೋದೆ. ನಡುವೆ ದಪ್ಪ ಗಾಜು, ಅದರ ಕೆಳಗೆ ಊಟ ತಳ್ಳುವ ಪುಟ್ಟ ಕಿಂಡಿ. ಗೊಜ್ಜಿನ ಜಾಡಿ ತಳ್ಳಿದೆ.

"ಏನೇ ಝಿವ್ಕಾ, ಇಷ್ಟು ಕಪ್ಪಗಿದೆ! ಸುಟ್ಯೋ, ಬೂದಿ ಮಾಡಿದ್ಯೋ?"

"ಬಾಯಿ ಮುಚ್ಕೊಂಡು ತಿನ್ನು. ಚೆನ್ನಾಗಿ ಸುಡೋ ಮಹಾರಾಯ ಇಲ್ಲಿ ಬಂದು ಮಲಗಿದ್ದಾನೆ."

ನಕ್ಕ, ಕೆಮ್ಮಿದ. ಅವನ ಕಣ್ಣಿನ ಅಂಚಿಗೆ ಮತ್ತೆ ಹಳದಿ ಹತ್ತಿತ್ತು.

"ರಕ್ತದ ರಿಪೋರ್ಟು?"

"ಏರ್ತಾ ಇದೆ. ಇನ್ನೊಂದು ಸಲ ಏರಿದ್ರೆ ಮಾತ್ರೆ ನಿಲ್ಲಿಸ್ತಾರಂತೆ."

ಅಷ್ಟು ಹೇಳಿ, ಕಂದು ಬಾಟಲಿಯ ಮದ್ದನ್ನು ಚಹಾ ಗ್ಲಾಸಿಗೆ ಸುರಿದ. ಬೆಕ್ಕು ಆಡಿಸುವ ಲೇಸರ್ ದೀಪವೊಂದನ್ನು ಜೇಬಿನಿಂದ ತೆಗೆದು ಗ್ಲಾಸಿಗೆ ಹಿಡಿದ. ಕಣಗಳಿದ್ದರೆ ಬೆಳಕು ಚದುರಿ ಒಳಗೆ ಕೆಂಪು ಗೆರೆ ಮೂಡಬೇಕು. ಮೂಡಲಿಲ್ಲ. ಆಚೆಯ ಗೋಡೆಯ ಮೇಲೆ ಕೆಂಪು ಚುಕ್ಕೆಯೊಂದು ಬಿತ್ತು, ಅಷ್ಟೇ.

"ಬರೀ ನೀರು, ಅಲ್ವಾ?"

ನಮ್ಮ ಕಡೆ ಹೌದೆನ್ನುವುದು ಹಾಗೇ, ತಲೆಯನ್ನು ಅತ್ತಿತ್ತ ಆಡಿಸಿದೆ.

ಅನುಮಾನ ನನಗೂ ಇತ್ತು. ಅದಕ್ಕೇ ಚೀಲದಲ್ಲಿ ನಿಜವಾದ ಮದ್ದಿನ ಬಾಟಲಿ ತಂದಿದ್ದೆ. ಸುತ್ತ ಯಾರೂ ಇಲ್ಲದ್ದು ನೋಡಿ ಕಿಂಡಿಯೊಳಗೆ ತಳ್ಳಿದೆ.

"ಕದ್ಯಾ?"

"ನಾನೇ ಮಾಡಿದ್ದನ್ನ ನಾನು ತಂದ್ರೆ ಕದ್ದಂಗಾ?"

"ಪಕ್ಕದ ಮಂಚದ ಸ್ಪಾಸ್‌ಗೂ ತಂದಿದ್ಯಾ? ಅವನದ್ದೂ ನೀರೇ. ನೋಡ್ದೆ. ಅವನಿಗೆ ಹೇಳಿಲ್ಲ."

"ಸ್ಪಾಸ್ ನನ್ನ ಗಂಡ ಅಲ್ಲ," ಎಂದೆ. ನಾಚಿಕೆಯೇನೂ ಆಗಲಿಲ್ಲ.

"ನೀರಿನ ಗುಂಪಲ್ಲಿದ್ದು ಕದ್ದು ಮದ್ದು ಕುಡಿದು ನಾನು ಗುಣ ಆದ್ರೆ, ನೀರಿಗೂ ಮದ್ದಿಗೂ ವ್ಯತ್ಯಾಸ ಇಲ್ಲ ಅಂತ ಲೆಕ್ಕ ಬರುತ್ತೆ. ಆಮೇಲೆ ಸ್ಪಾಸ್‌ನಂಥೋರಿಗೆ ಇದು ಯಾವತ್ತೂ ಸಿಗಲ್ಲ ಕಣೇ. ಇಷ್ಟು ವರ್ಷ ನೀನು ಜೀವ ತೇದಿದ್ದು ಯಾಕೆ?"

"ನಂಗೆ ಮದ್ದೂ ಬೇಡ, ಲೆಕ್ಕಾನೂ ಬೇಡ. ನೀನು ಮನೆಗೆ ಬಾ. ಅಷ್ಟೇ ಬೇಕು ನಂಗೆ."

ಗಾಜಿಗೆ ಹಣೆಯೊತ್ತಿ ಅತ್ತೆ. ಆಚೆಯಿಂದ ಅವನೂ ಹಣೆಯೊತ್ತಿದ. ಗಾಜು ತಣ್ಣಗಿತ್ತು. ಅವನ ಉಸಿರಿಗೆ ಅದು ಮಂಜಾಗುವುದು ಕಾಣುತ್ತಿತ್ತು, ಉಸಿರು ಮಾತ್ರ ನನಗೆ ತಾಕಲಿಲ್ಲ.

"ನಂಗೂ ಬರಬೇಕು ಅಂತ ಇಲ್ವಾ, ಹುಚ್ಚಿ?" ಅಂದ. ಬಾಟಲಿಯನ್ನು ಕಿಂಡಿಯಿಂದ ವಾಪಸು ನನ್ನ ಕೈಗೆ ತಳ್ಳಿದ.

ಆಮೇಲೆ ತನ್ನ ಗ್ಲಾಸನ್ನು, ನಮ್ಮ ಹಣ್ಣಿನ ಸಾರಾಯಿ ರಕಿಯಾ ಎತ್ತುವ ಹಾಗೆ ಎತ್ತಿದ. ಹಾಗೆ ಎತ್ತಿದ ಮೇಲೆ ನಮ್ಮಲ್ಲಿ ಯಾರೂ ಕಣ್ಣು ತಪ್ಪಿಸುವಂತಿಲ್ಲ. ಕಣ್ಣಲ್ಲಿ ಕಣ್ಣಿಟ್ಟೇ ತಟ್ಟಬೇಕು. ಅವನು ಗ್ಲಾಸನ್ನು ಗಾಜಿಗೆ ತಟ್ಟಿದ. ನನ್ನ ಕೈಯಲ್ಲಿ ಇದ್ದದ್ದು ಆ ಬಾಟಲಿಯೊಂದೇ. ಈಚೆಯಿಂದ ಅದನ್ನೇ ತಟ್ಟಿದೆ.

"ಆರೋಗ್ಯಕ್ಕೆ," ಎಂದ.

"ಆರೋಗ್ಯಕ್ಕೆ," ಎಂದೆ. ಅವನು ನೀರನ್ನು ಪೂರ್ತಿ ಕುಡಿದು ಮುಗಿಸುವವರೆಗೂ ಆ ಹಳದಿ ಕಣ್ಣುಗಳನ್ನೇ ನೋಡುತ್ತ ನಿಂತೆ.