ಅವಳು ಕೇಳಿದಷ್ಟೇ ಮೆಲ್ಲಗೆ

"ಇನ್ನೂ ಕಮ್ಮಿ ಮಾಡ್ರೀ. ನಾನು ಹಾಡ್ತಿದೀನಾ, ಇಲ್ಲ ನಿಮ್ಮ ಗಿಟಾರಿಗೆ ತಾಳ ಹಾಕ್ತಿದೀನಾ?"

ಹೆಂಡತಿ ಇದನ್ನು ಮೈಕಿನಲ್ಲೇ ಹೇಳಿದಳು. ಊಟಕ್ಕೆ ಕೂತವರು ನಕ್ಕರು. ನೀರಿನ ಜಗ್ಗು ಹಿಡಿದಿದ್ದ ಸಪ್ಲೈಯರ್ ಕೂಡ ಹಲ್ಲು ಬಿಟ್ಟ. ಗಂಡ ಗಿಟಾರಿನ ಮುಂದಿದ್ದ ಮೈಕಿನಿಂದ ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಎಳೆದುಕೊಂಡ.

ಹೋಟೆಲಿನ ಮಾಲೀಕ ಇವತ್ತು ತಾನೇ ಬಂದು ಎದುರಿನ ಮೇಜಿನಲ್ಲಿ ಕೂತಿದ್ದ. ಭಾನುವಾರದ ಹಾಡು ಮುಂದುವರಿಯಬೇಕೋ ಬೇಡವೋ ಎಂದು ಇವತ್ತೇ ಹೇಳುವವನಿದ್ದ. ಬೇರೆಲ್ಲ ಕಡೆ ಕರೆಯುವುದು ನಿಂತು, ಅವಳಿಗೆ ಹಾಡಲು ಉಳಿದಿದ್ದ ಜಾಗ ಇದೊಂದೇ.

ಗಿಟಾರ್ ತನ್ನ ದನಿಯನ್ನು ನುಂಗುತ್ತದೆ ಎಂಬುದು ಅವಳ ಹಳೆಯ ದೂರು. ನಿಂತ ಜಾಗದಲ್ಲಿ ಅವಳಿಗೆ ಕೇಳುತ್ತಿದ್ದುದೂ ಹಾಗೆಯೇ. ಸ್ಪೀಕರುಗಳ ಮುಖ ಜನರ ಕಡೆಗೆ, ಗಿಟಾರ್ ಅವಳ ಮೊಣಕೈ ಪಕ್ಕದಲ್ಲಿ. ತನ್ನ ದನಿ ಹೊರಗೆ ಹೇಗೆ ಹೋಗುತ್ತದೆಂದು ಅವಳು ಒಮ್ಮೆಯೂ ಕೇಳಿರಲಿಲ್ಲ.

ಯಾರೋ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದನ್ನು ಅವನು ಕೇಳಿದ್ದ. ಗಂಟಲಿನ ಆಪರೇಷನ್ ಆದ ಮೇಲೆ, ಮೇಲಿನ ಸ್ವರಕ್ಕೆ ಏರಿದಾಗಲೆಲ್ಲ ಅವಳ ದನಿ ಸೀಳುತ್ತಿತ್ತು. ಅಂಥ ಸಾಲು ಬಂದಾಗ ಅವನು ಮೈಕಿನತ್ತ ಬಾಗಿ, ಮೀಟುವ ಪ್ಲಾಸ್ಟಿಕ್ ಪಿಕ್ಕಿನಿಂದ ಆರೂ ತಂತಿಗಳನ್ನು ಬೀಸಿ ಹೊಡೆದು ಆ ಸೀಳನ್ನು ಮುಚ್ಚುತ್ತಿದ್ದ. ಹೇಳಿಬಿಡಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದ. ಮನೆಗೆ ಹೋಗುವ ಬಸ್ಸಿನಲ್ಲಿ ಅವಳು ಅವತ್ತಿನ ಹಾಡನ್ನು ತಾನೇ ಮೆಚ್ಚಿಕೊಳ್ಳುತ್ತಿದ್ದಳು. ಅವನು ಕಿಟಕಿಯಾಚೆ ನೋಡುತ್ತಿದ್ದ.

"ಈಗ ಸರಿ ಇದೆಯಾ?" ಎಂದ.

"ಇದೂ ಜಾಸ್ತೀನೇ. ಸ್ವಂತ ದನಿ ಇಲ್ಲದೋರಿಗೆ ಇನ್ನೊಬ್ರ ದನಿ ಕಂಡ್ರೆ ಹೊಟ್ಟೆಕಿಚ್ಚು, ಅಷ್ಟೇ."

ಅದೂ ಮೈಕಿನಲ್ಲೇ. "ಸರಿಯಾಗಿ ಹೇಳಿದ್ರಿ ಅಕ್ಕಾ!" ಎಂದು ಯಾರೋ ಕೂಗಿದರು. ಮಾಲೀಕನೂ ನಕ್ಕ.

ಅವನು ಪಿಕ್ಕನ್ನು ಜೇಬಿಗೆ ಹಾಕಿದ. "ಆಗ್ಲಿ ಕಣೇ. ಹಾಡು."

ಬೆರಳ ತುದಿಯಿಂದಷ್ಟೇ ತಂತಿ ಮುಟ್ಟಿದ. ಪಲ್ಲವಿ ಚೆನ್ನಾಗಿಯೇ ಬಂತು. ಚಮಚಗಳ ಸದ್ದು ನಿಂತಿತು. ನೋಡಿದಿರಾ ಎಂಬಂತೆ ಅವಳು ಅವನತ್ತ ಹುಬ್ಬು ಹಾರಿಸಿದಳು.

ಮೇಲಿನ ಸಾಲು ಬಂತು. ಅವನ ಬೆನ್ನು ರೂಢಿಯಂತೆ ತಾನಾಗಿಯೇ ಮುಂದಕ್ಕೆ ಹೊರಟಿತು. ಅದನ್ನು ಅವನು ಕುರ್ಚಿಗೆ ಒತ್ತಿ ಹಿಡಿದ.

ದನಿ ಸೀಳಿತು. ಒಂದು ಮಗು ಅದೇ ಸದ್ದನ್ನು ಅಣಕಿಸಿತು; ಅದರ ತಾಯಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಹೆಂಡತಿ ಅವನ ಕಡೆ ಬಾಗಿ, "ಜೋರಾಗಿ ಬಾರಿಸ್ರೀ," ಎಂದು ಪಿಸುಗುಟ್ಟಿದಳು. ಅವಳ ಮುಖ ಬಿಳಿಚಿತ್ತು.

"ನೀನು ಹೇಳಿದಷ್ಟೇ ಇದೆಯಲ್ಲ," ಎಂದ ಅವನು, ಮೃದುವಾಗಿ. ಆ ಸಾಲಿನ ಮೊದಲಿಗೆ ಮರಳಿ, ಅಷ್ಟೇ ಮೆಲ್ಲಗೆ ನುಡಿಸುತ್ತ ಕಾದ. ಜನ ನೋಡುತ್ತಿದ್ದರು. ಅವಳು ಮತ್ತೆ ಏರಲೇಬೇಕಾಯಿತು. ಈ ಸಲ ಸ್ವರ ಅರ್ಧಕ್ಕೇ ನಿಂತಿತು.

ಮಾಲೀಕ ಕೈ ಒರೆಸಿಕೊಳ್ಳುತ್ತ ಬಂದ. ಅವಳತ್ತ ನೋಡದೆ, "ಸಾರ್, ಮುಂದಿನ ವಾರದಿಂದ ನೀವೊಬ್ರೇ ಬಂದ್ಬಿಡಿ. ಬರೀ ಗಿಟಾರ್ ಸಾಕು, ಊಟಕ್ಕೆ ಹಿತವಾಗಿರುತ್ತೆ," ಎಂದ.

ಅವಳು ಗಂಡನನ್ನು ನೋಡಿದಳು. ಅವನು ಸಡಿಲಾದ ತಂತಿಯೊಂದನ್ನು ಬಿಗಿಮಾಡುತ್ತಿದ್ದ.

"ಇದೇ ಹೊತ್ತಿಗೇ ತಾನೇ?" ಎಂದು ಕೇಳಿದ.

ಅವಳು ಮೈಕನ್ನು ಕೆಳಗಿಡಲು ಮರೆತಿದ್ದಳು. ಸ್ಪೀಕರುಗಳಲ್ಲಿ ಅವಳ ಉಸಿರಾಟ ಹಾಲಿಗೆಲ್ಲ ಕೇಳುತ್ತಿತ್ತು. ಮೂಲೆಯ ಮೇಜಿನವರು ಇನ್ನೊಂದು ಐಸ್‌ಕ್ರೀಮ್ ತರಲು ಹೇಳಿದರು.