ಐವತ್ತು ಕಾಮೆಂಟು ಬಂದ ಮೇಲೆ

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ಆದದ್ದೆಲ್ಲ ಆ ಸಿಟ್ಟಿನಿಂದಲೇ ಆದದ್ದು.

ಹಾರೂಗೇರಿ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಕನ್ನಡ ಟೈಪಿಂಗೂ ಮಾಡಿಕೊಡುತ್ತೇನೆ. ಅರ್ಜಿ, ಬಾಂಡು, ಲಗ್ನಪತ್ರಿಕೆ, ಹಕ್ಕುಬಿಡುಗಡೆ ಪತ್ರ. ಈ ಕೊನೆಯದನ್ನು ಎಷ್ಟು ಸಲ ಟೈಪ್ ಮಾಡಿದ್ದೇನೋ ನನಗೇ ಗೊತ್ತಿಲ್ಲ. ಅಪ್ಪ ತೀರಿಕೊಂಡ ಮೇಲೆ ತಮ್ಮಂದಿರು ಅಕ್ಕನನ್ನು ಕಾರಿನಲ್ಲಿ ಕರೆದುಕೊಂಡು ಬರುತ್ತಾರೆ. ದಾರಿಯಲ್ಲಿ ಚಹಾ ಕುಡಿಸಿರುತ್ತಾರೆ, ಹೊಸ ಸೀರೆ ಉಡಿಸಿರುತ್ತಾರೆ. ಕಬ್ಬಿನ ಹೊಲದಲ್ಲಾಗಲಿ ದ್ರಾಕ್ಷಿ ತೋಟದಲ್ಲಾಗಲಿ ನನಗೆ ಯಾವ ಪಾಲೂ ಬೇಡ ಎಂದು ಬರೆಸುತ್ತಾರೆ, ಅದಕ್ಕೆ ಅಕ್ಕ ಸಹಿ ಹಾಕಬೇಕು. ಅವಳು ಸೆರಗು ಸರಿಮಾಡಿಕೊಂಡು, "ತವರುಮನಿ ಬಾಗಲಾ ತಗದಿದ್ರ ಸಾಕ್ರಿ ನಂಗ" ಎಂದು ನನ್ನ ಕಡೆ ನೋಡಿ ನಗುತ್ತಾಳೆ. ನಾನು ಪ್ರಿಂಟ್ ಕೈಗೆ ಕೊಟ್ಟು ಸುಮ್ಮನಾಗುತ್ತೇನೆ.

ಹಾಗೆ ಸುಮ್ಮನಾಗಿ ಸುಮ್ಮನಾಗಿ ತಲೆಕೆಟ್ಟು ಕಥೆ ಬರೆಯಲು ಕೂತೆ. ಮೊಬೈಲಿನಲ್ಲಿ ಧಾರಾವಾಹಿ ಓದುವ ಒಂದು ಆ್ಯಪ್ ಇದೆ. ಅದರಲ್ಲಿ ವಾರಕ್ಕೊಂದು ಭಾಗದಂತೆ 'ಚಂದ್ರಾಬಾಯಿಯ ಪಾಲು' ಬರತೊಡಗಿತು. ಲೇಖಕಿಯ ಪರಿಚಯ ಎಂಬಲ್ಲಿ, ಶುಭಾಂಗಿ, ಹಾರೂಗೇರಿಯಲ್ಲಿ ಝೆರಾಕ್ಸ್ ಅಂಗಡಿ ಎಂದಷ್ಟೇ ಹಾಕಿದ್ದೆ. ಅದಕ್ಕಿಂತ ಹೆಚ್ಚು ಹೇಳಿಕೊಳ್ಳಲು ನನ್ನ ಹತ್ತಿರ ಏನಿತ್ತು?

ಒಂದೊಂದು ಭಾಗವನ್ನು ಇನ್ನೂರು ಜನ ಓದಿದ್ದಾರೆ ಎಂದು ಆ್ಯಪ್ ತೋರಿಸುತ್ತಿತ್ತು. ಇನ್ನೂರು ಜನ ಬಂದು, ಓದಿ, ತುಟಿ ಪಿಟಕ್ಕೆನ್ನದೆ ಹೋಗುತ್ತಿದ್ದರು. ಮನೆಗೆ ಬಂದವರು ಹೊಟ್ಟೆ ತುಂಬ ಉಂಡು, ಕೈ ತೊಳೆದುಕೊಂಡು, ಹೋಗಿಬರ್ತೀವಿ ಎಂದು ಕೂಡ ಅನ್ನದೆ ಎದ್ದುಹೋದರೆ ಹೇಗಾಗುತ್ತದೆ? ನನಗೆ ಹಾಗೆಯೇ ಆಗುತ್ತಿತ್ತು. ಗಂಡ ರೂಪೇಶ, "ಓದ್ತಾರಲಾ, ಸಾಕ ಬಿಡ. ನಿನಗ ಹಾರಾ ಹಾಕ್ಬೇಕೇನ?" ಎಂದು ಕಾಡಿಸುತ್ತಿದ್ದ. ಹಾರ ಯಾರಿಗೆ ಬೇಕಿತ್ತು? ಒಂದು ಮಾತು ಬೇಕಿತ್ತು.

ಆ ಒಂದು ಮಾತು ತಪ್ಪದೆ ಬರುತ್ತಿದ್ದದ್ದು ನೀಲಮ ನಿಪ್ಪಾಣಿ ಎಂಬ ಹೆಸರಿನಿಂದ. "ಅಕ್ಕಾರ, ಚಂದ್ರಾಬಾಯಿ ತಮ್ಮಗ ಹೋಳಿಗಿ ಬಡಿಸೂ ಮುಂದ ಕಣ್ಣಾಗ ನೀರ ಬಂದ್ವು. ತಮ್ಮನ ಹೇಣ್ತಿ ಒಳ್ಳೇಕಿ ಅಂತ ಕೆಲವ್ರು, ನಾಟಕದಾಕಿ ಅಂತ ಕೆಲವ್ರು. ನೀವ ಹೇಳ್ರಿ, ಆಕಿ ಎಂಥಾಕಿ?" ಹೀಗೆ ಉದ್ದುದ್ದ ಬರೆಯುತ್ತಿದ್ದಳು. ಚಂದ್ರಾಬಾಯಿಯ ಮೂಗುತಿ ಆರನೇ ಭಾಗದಲ್ಲಿ ಎಡಕ್ಕಿತ್ತು, ಒಂಬತ್ತರಲ್ಲಿ ಬಲಕ್ಕೆ ಹೋಗಿದೆ ಎಂದು ಒಮ್ಮೆ ನನ್ನ ತಪ್ಪು ಹಿಡಿದಳು. ಅವತ್ತು ನನಗಾದ ಸಂತೋಷ ಮದುವೆಯ ದಿನವೂ ಆಗಿರಲಿಲ್ಲ. ಯಾರೋ ಒಬ್ಬರು ಅಷ್ಟು ಕಣ್ಣಿಟ್ಟು ಓದುತ್ತಿದ್ದಾರೆ! ಅವಳ ಕಾಮೆಂಟುಗಳನ್ನು ಪ್ರಿಂಟ್ ತೆಗೆದು ಅಂಗಡಿಯ ಟೇಬಲ್ಲಿನ ಡ್ರಾದಲ್ಲಿ ಇಟ್ಟುಕೊಂಡಿದ್ದೆ. ನಿಜ ಹೇಳಬೇಕೆಂದರೆ, ಆಮೇಲಾಮೇಲೆ ಅವಳು ಏನನ್ನುತ್ತಾಳೆ ಎಂದು ತಿಳಿಯಲಿಕ್ಕೇ ಬರೆಯುತ್ತಿದ್ದೆ.

ಇಪ್ಪತ್ತೇಳನೇ ಭಾಗದಲ್ಲಿ ಚಂದ್ರಾಬಾಯಿಯನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೆ ತಂದು ನಿಲ್ಲಿಸಿದೆ. ತಮ್ಮ ಪೆನ್ನು ಕೊಟ್ಟ, ಅವಳು ಇಸಿದುಕೊಂಡಳು. ಅಲ್ಲಿಗೆ ನಿಲ್ಲಿಸಿ ಕೆಳಗೆ ಬರೆದೆ: "ಕೊನೆಯ ಭಾಗ ಸಿದ್ಧವಿದೆ. ಐವತ್ತು ಕಾಮೆಂಟು ಬಂದ ಮೇಲೆ ಹಾಕುತ್ತೇನೆ." ಇದೇನು ನಾನೇ ಕಂಡುಹಿಡಿದ ಉಪಾಯವಲ್ಲ. ಆ ಆ್ಯಪಿನಲ್ಲಿ ಬರೆಯುವವರೆಲ್ಲ ಹೀಗೇ ಮಾಡುತ್ತಾರೆ. ನೂರು ಕೇಳುವವರಿದ್ದಾರೆ, ಇನ್ನೂರು ಕೇಳುವವರಿದ್ದಾರೆ. ನಾನು ಸಾಧು, ಐವತ್ತೇ ಕೇಳಿದೆ. ಕೊನೆಯ ಭಾಗ ನಿಜವಾಗಿಯೂ ಸಿದ್ಧವಿತ್ತು. ಒಂದು ಗುಂಡಿ ಒತ್ತುವುದಷ್ಟೇ ಬಾಕಿ.

ಒಂದು ವಾರದಲ್ಲಿ ಏಳು ಕಾಮೆಂಟು ಬಂದವು. ನೀಲಮ ಎರಡು ಸಲ ಕೇಳಿದಳು. "ಅಕ್ಕಾರ, ಬ್ಯಾಗ ಹಾಕ್ರಿ. ಇಲ್ಲೊಬ್ರು ಭಾಳ ದಾರಿ ನೋಡಾಕತ್ತಾರ." ನಾನು ಒಂದು ನಗುವ ಮುಖ ಹಾಕಿ ಸುಮ್ಮನಿದ್ದೆ. ಎರಡನೇ ವಾರದ ಒಂದು ಮಧ್ಯಾಹ್ನ ಮೊಬೈಲ್ ಟಿಣ್ ಟಿಣ್ ಎನ್ನತೊಡಗಿತು. ಒಂದು ತಾಸಿನೊಳಗೆ ಇಪ್ಪತ್ಮೂರು ಕಾಮೆಂಟು! ನನಗೆ ಹಿಡಿಸಲಾರದ ಹಿಗ್ಗು. ಗಿರಾಕಿಯನ್ನು ನಿಲ್ಲಿಸಿ ಓದಲು ಕೂತೆ.

ಓದುತ್ತ ಓದುತ್ತ ಹಿಗ್ಗು ಇಳಿಯಿತು. ಇಪ್ಪತ್ಮೂರೂ ಖಾತೆಗಳು ಅವತ್ತೇ ತೆರೆದಂಥವು. ಒಂದಕ್ಕೂ ಫೋಟೋ ಇಲ್ಲ. ಅವುಗಳಿಂದ ಬೇರೆ ಯಾವ ಕಥೆಯನ್ನೂ ಯಾರೂ ಓದಿರಲಿಲ್ಲ. ಎಲ್ಲದರಲ್ಲೂ ಒಂದೇ ಧಾಟಿ, "ಅಕ್ಕಾರ, ಸಹಿ ಮಾಡ್ತಾಳೋ ಇಲ್ಲೋ ಹೇಳ್ರಿ." ಆ ಧಾಟಿ ಯಾರದೆಂದು ನನಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ, ಡ್ರಾದಲ್ಲಿಯೇ ಇತ್ತಲ್ಲ. ಕೆಲಸವಿಲ್ಲದ ಒಬ್ಬಳು ಕೂತು ಇಪ್ಪತ್ಮೂರು ಸುಳ್ಳು ಓದುಗರನ್ನು ಹುಟ್ಟಿಸಿ ನನ್ನ ಗೇಲಿ ಮಾಡುತ್ತಿದ್ದಾಳೆ ಅನ್ನಿಸಿತು. ಹಾಗಾದರೆ ಮೊದಲಿನ ಮಾತುಗಳೂ ಗೇಲಿಯೇ? ಕಣ್ಣಲ್ಲಿ ನೀರು ಬಂದದ್ದು, ಮೂಗುತಿ ನೋಡಿದ್ದು, ಎಲ್ಲ ತಮಾಷೆಗೆ? ಮೈಯೆಲ್ಲ ಉರಿದುಹೋಯಿತು. "ಓದುಗರ ವೇಷ ಹಾಕಿ ಆಟವಾಡುವವರಿಗೆ ನನ್ನ ಕಥೆ ಬೇಕಿಲ್ಲ, ನಾಚಿಕೆಯಾಗಬೇಕು" ಎಂದು ಬರೆದೆ. ಅದನ್ನು ಅವಳು ನೋಡುವಷ್ಟು ಹೊತ್ತು ಬಿಟ್ಟು, ಇಪ್ಪತ್ಮೂರನ್ನೂ ಬ್ಲಾಕ್ ಮಾಡಿದೆ. ಕಡೆಗೆ ನೀಲಮಳನ್ನೂ ಮಾಡಿದೆ. ಡ್ರಾದಲ್ಲಿದ್ದ ಹಾಳೆಗಳನ್ನು ಹರಿದು ಕಸದ ಬುಟ್ಟಿಗೆ ಹಾಕಿದೆ.

ಹದಿನೈದು ದಿನ ಕಳೆದಿರಬೇಕು. ಬಸ್ ಸ್ಟ್ಯಾಂಡಿನ ಆಚೆ ಬದಿಗೆ ಇನ್ನೊಂದು ಝೆರಾಕ್ಸ್ ಅಂಗಡಿ ಇಟ್ಟಿರುವ ಬಾಳಾಸಾಬ ಒಂದು ಕವರು ಹಿಡಿದುಕೊಂಡು ಬಂದ.

"ವೈನಿ, ಇದು ನಿಮ್ದ ಇರ್ಬೇಕ್ ನೋಡ್ರಿ. ವಿಳಾಸದಾಗ ಬರೇ ಝೆರಾಕ್ಸ್ ಅಂಗಡಿ ಅಂತ ಬರದಾರ, ಪೋಸ್ಟಿನವ ನನ್ನ ಕಡೆ ಕೊಟ್ಟು ಹೋಗ್ಯಾನ. ನೀವು ಬಂದಾಗ ಕೊಡೂಣಂತ ಟೇಬಲ್ಲಿನ ಕಾಚಿನ ಕೆಳಗ ಇಟ್ಟಿದ್ನಿ, ಮರತ ಬಿಟ್ನಿ. ಒಂಬತ್ತ ದಿನಾ ಆತ್ರಿ."

ಕವರಿನ ಮೇಲೆ ಶುಭಾಂಗಿ ಅಕ್ಕಾರು, ಕಥಿ ಬರಿಯುವವರು, ಝೆರಾಕ್ಸ್ ಅಂಗಡಿ, ಹಾರೂಗೇರಿ ಎಂದಿತ್ತು. ಒಳಗೆ ನೋಟ್‌ಬುಕ್ಕಿನ ಎರಡು ಹಾಳೆ.

"ಅಕ್ಕಾರ, ನಾವು ಹನ್ನೊಂದು ಮಂದಿ ಬೀಡಿ ಕಟ್ಟವರು. ಕನ್ನಡ ಓದಾಕ ಬರೋದು ನನಗೊಬ್ಬಾಕಿಗೇ, ನನ್ನ ತವರಮನಿ ರಾಯಬಾಗ ಕಡೆ. ಹೊಸಾ ಭಾಗ ಬಂದ ಮಧ್ಯಾಹ್ನ ನಿಮ್ಮ ಕಥಿ ಎಲ್ಲಾರಿಗೂ ಓದಿ ಹೇಳತೇನಿ. ಓದೂ ಹೊತ್ತಿನ ನನ್ನ ಬೀಡಿ ಅವರ ಕಟ್ಟಿ ಕೊಡ್ತಾರ. ನಮ್ಮೊಳಗ ಸಾವಕ್ಕಗ ಹೊಟ್ಟ್ಯಾಗ ಗಂಟ ಆಗೇತಿ. ಇನ್ನ ಮನಿಗೆ ಕರಕೊಂಡ ಹೋಗ್ರಿ ಅಂತ ಡಾಕ್ಟರು ಹೇಳ್ಯಾರ. ಆಕಿ ಕೇಳೋದು ಒಂದ, ಚಂದ್ರಾಬಾಯಿದು ಏನಾತು. ನೀವು ಐವತ್ತು ಕೇಳಿದ್ರಿ. ನಾವು ಓಣ್ಯಾಗ ಅವರ ಇವರ ಮೊಬೈಲ್ ಇಸಗೊಂಡ ಬಂದ್ವಿ. ಒಬ್ಬೊಬ್ಬರು ಹೇಳಿದ್ದನ್ನ ನಾನ ಒತ್ತಿದೆ. ಇಪ್ಪತ್ಮೂರು ಆದ್ವು. ಉಳದದ್ದು ಮರುದಿನ ಮಾಡೂಣು ಅಂತಿದ್ವಿ, ಅಷ್ಟರಾಗ ನೀವು ಬಾಗಲಾ ಹಾಕಿದ್ರಿ. ನಮ್ಮ ಕಡಿಂದ ಏನ ತಪ್ಪಾತ್ರಿ? ತಪ್ಪ ಇದ್ರ ಹೊಟ್ಟ್ಯಾಗ ಹಾಕೋರಿ. ಸಾವಕ್ಕನ ಸಲುವಾಗಿ ಮುಂದಿಂದ ಹೇಳ್ರಿ."

ಬಾಳಾಸಾಬ "ಏನಾತ್ರಿ ವೈನಿ" ಎಂದು ಕೇಳುತ್ತಲೇ ಇದ್ದ. ಅವನಿಗೆ ಬಯ್ಯಬೇಕೆಂದು ಬಾಯಿ ತೆರೆದೆ, ಆಗಲಿಲ್ಲ. ಒಂಬತ್ತು ದಿನ ಅವನು ಕಾಗದ ಇಟ್ಟುಕೊಂಡ, ನಾನು ಕಥೆಯನ್ನೇ ಇಟ್ಟುಕೊಂಡಿದ್ದೆ. ಅಲ್ಲಿಯೇ ಎಲ್ಲರ ಬ್ಲಾಕ್ ತೆಗೆದೆ, ಕೊನೆಯ ಭಾಗ ಹಾಕಿದೆ. ಸಂಜೆತನಕ ಮೊಬೈಲ್ ಕೈಯಿಂದ ಕೆಳಗಿಡಲಿಲ್ಲ. ಯಾರ್ಯಾರೋ 'ಸೂಪರ್ ಮೇಡಂ' ಎಂದರು. ನೀಲಮಳಿಂದ ಏನೂ ಬರಲಿಲ್ಲ.

ಮರುದಿನ ಅಂಗಡಿ ಮುಚ್ಚಿ ಬಸ್ಸು ಹತ್ತಿದೆ. ಕೊನೆಯ ಭಾಗದ ಪ್ರಿಂಟು ಚೀಲದಲ್ಲಿತ್ತು. ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಬೇಕು. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ನಮ್ಮ ಬಸ್ಸು ನಿಂತು ನಿಂತು ಹೋಗುವಾಗ, ಇಳಿದು ಓಡಬೇಕು ಅನ್ನಿಸುತ್ತಿತ್ತು. ಸಾವಕ್ಕನ ಹಾಸಿಗೆಯ ಹತ್ತಿರ ಕೂತು ನಾನೇ ಓದುತ್ತೇನೆ, ಕಾಲು ಹಿಡಿದು ತಪ್ಪಾಯಿತು ಅನ್ನುತ್ತೇನೆ ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದೆ.

ನಿಪ್ಪಾಣಿಯಲ್ಲಿ ಕಾಗದದ ಮೇಲಿನ ವಿಳಾಸ ಹಿಡಿದು ಆ ಓಣಿಗೆ ಹೋದೆ. ತಂಬಾಕಿನ ಘಾಟಿಗೆ ಕೆಮ್ಮು ಬಂತು. ಒಂದು ಪಡಸಾಲೆಯಲ್ಲಿ ಹೆಂಗಸರು ತೊಡೆಯ ಮೇಲೆ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತ ಕೂತಿದ್ದರು. ಮಾತಿಲ್ಲ, ಕತೆಯಿಲ್ಲ. ಎಣಿಸಿದೆ. ಹನ್ನೊಂದರಲ್ಲಿ ಹತ್ತು ಜನ ಇದ್ದರು, ಮೂಲೆಯಲ್ಲೊಂದು ಹಾಸಿಗೆ ಸುತ್ತಿಟ್ಟಿತ್ತು. ಅದನ್ನು ನೋಡಿದ ಮೇಲೆ ನಾನು ಕೇಳುವುದೇನೂ ಉಳಿಯಲಿಲ್ಲ.

ಹೆಸರು ಹೇಳಿದೆ. ಎಲ್ಲರ ಕೈಗಳೂ ನಿಂತವು. ಬಿಳಿಗೂದಲಿನ ಒಬ್ಬಾಕೆ, ಅಕ್ಕುತಾಯಿ ಅಂತೆ, ಮರಾಠಿಯಲ್ಲಿ "ಹ್ಯಾಚ್ ಕಾ ತ್ಯಾ?" ಎಂದಳು. ಇವರೇನಾ ಅವರು ಎಂದು. ಮೂವತ್ತರ ಆಸುಪಾಸಿನ ಹೆಂಗಸೊಬ್ಬಳು ಮೊರ ಬದಿಗಿಟ್ಟು ಎದ್ದಳು. ಅವಳೇ ನೀಲಮ.

"ಬರ್ರಿ ಅಕ್ಕಾರ, ಕುಂಡ್ರರಿ. ಸಾವಕ್ಕ ಹೋಗಿ ಐದು ದಿನ ಆತ್ರಿ. ಅವತ್ತಿಂದ ನಾನು ಮೊಬೈಲಿನ್ಯಾಗ ಕಥಿ ತಗದಿಲ್ಲ."

ಯಾರೂ ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಬದುಕುತ್ತಿದ್ದೆ. ಚಹಾ ಕೊಟ್ಟರು. ನಾನು ಅತ್ತೆ, ಕೈಮುಗಿದೆ, ಏನೇನೋ ಹೇಳಿದೆ. ನೀಲಮ ನನ್ನ ಕೈ ಹಿಡಿದು, "ಅಳಬ್ಯಾಡ್ರಿ. ಕಡೀಕ ನಾವ ಒಂದು ಕಟ್ಟಿ ಹೇಳಿದ್ವಿ" ಎಂದಳು.

"ಏನಂತ?"

"ಅಕ್ಕಾರು ಹಾಕ್ಯಾರ, ಬಂತ ನೋಡ ಅಂತ ಸುಳ್ಳ ಹೇಳಿ, ಮೊಬೈಲ್ ಹಿಡಕೊಂಡು ಓದಿದಂಗ ಮಾಡಿದೆ. ಚಂದ್ರಾಬಾಯಿ ಪೆನ್ನ ಒಗದ್ಲು, ತಮ್ಮನ ಕಪಾಳಕ್ಕ ಬಿಟ್ಲು, ತನ್ನ ಪಾಲು ತಗೊಂಡ್ಲು ಅಂತ. ನಾವೆಲ್ಲಾರೂ ಕೂಡಿ ಕಟ್ಟಿದ್ದು."

"ಸಾವಕ್ಕಗ ಸಮಾಧಾನ ಆತೇನು?"

ನೀಲಮ ಮೊರವನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡಳು. "ಪೂರಾ ಕೇಳಿದ್ಲು. ಕೇಳಿ, 'ನೀಲಮಾ, ಇದು ಅಕ್ಕಾರು ಬರದದ್ದಲ್ಲ' ಅಂದ್ಳು. 'ಚಂದ್ರಾಬಾಯಿ ಸಹಿ ಮಾಡ್ತಾಳ. ನಾನೂ ಮಾಡೇನಿ, ಹಸರ ಸೀರಿ ಉಟಗೊಂಡು. ಅದು ನಂಗ ಗೊತ್ತಿದ್ದದ್ದ ಐತಿ. ಮಾಡಿ ಹೊರಗ ಬಂದ ಮ್ಯಾಲ ಆಕಿ ಹೆಂಗ ಬದಕ್ತಾಳ, ಅದನ್ನ ಅಕ್ಕಾರು ಬರದಿರ್ತಾರ. ನಂಗ ಅದ ಬೇಕಾಗೇತಿ. ತಡೀರಿ, ಹಾಕ್ತಾರ' ಅಂದ್ಳು. ಮತ್ತ ಎರಡು ದಿನ ದಾರಿ ನೋಡಿದ್ಲು."

ಯಾವತ್ತೂ ನನ್ನನ್ನು ಕಾಣದ, ಕನ್ನಡದ ಒಂದಕ್ಷರ ಓದಲಾರದ ಹೆಂಗಸು, ಯಾವುದು ನನ್ನದು ಯಾವುದು ನನ್ನದಲ್ಲ ಎಂದು ಹೇಳಿ ಸತ್ತಿದ್ದಳು. ನಾನು ಅವಳನ್ನು ಸುಳ್ಳು ಖಾತೆ ಎಂದು ಅಳಿಸಿಹಾಕಿದ್ದೆ.

"ಪ್ರಿಂಟ್ ತಂದೀರೇನ್ರಿ?" ನೀಲಮ ನನ್ನ ಚೀಲ ನೋಡಿದಳು. "ಓದ್ರಿ ಅಕ್ಕಾರ. ಆಕಿ ಇಲ್ಲ, ನಾವರೇ ಕೇಳ್ತೀವಿ."

ಹಾಳೆಗಳನ್ನು ತೆಗೆದೆ. ಓದಿದೆ. ನೀಲಮ ಸಾಲು ಸಾಲಿಗೂ ಅಕ್ಕುತಾಯಿಗೆ ಮೆಲ್ಲಗೆ ಮರಾಠಿಯಲ್ಲಿ ಹೇಳುತ್ತಿದ್ದಳು. ಚಂದ್ರಾಬಾಯಿ ಗೋಡೆಯ ಗಡಿಯಾರ ನೋಡುತ್ತಾಳೆ, ತಮ್ಮ ಕೆಮ್ಮುತ್ತಾನೆ, ಅವಳಿಗೆ ಅಪ್ಪನ ನೆನಪಾಗುತ್ತದೆ. ಕೊನೆಗೆ, "ಚಂದ್ರಾಬಾಯಿ ಸಹಿ ಮಾಡಿದಳು" ಎಂಬ ಸಾಲು ಬಂತು. ಆ ಸಾಲನ್ನು ಬರೆದ ದಿನ ನಾನು ಎಂಥಾ ಕಥೆಗಾರ್ತಿ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡಿದ್ದೆ.

ಓದಿ ನಿಲ್ಲಿಸಿದೆ. ಹತ್ತೂ ಜನ ನನ್ನ ಮುಖವನ್ನೇ ನೋಡುತ್ತ ಕೂತಿದ್ದರು, ನಾನು ಹಾಳೆ ತಿರುಗಿಸಲಿ ಎಂದು.

ಅಕ್ಕುತಾಯಿ ಮುಂದಕ್ಕೆ ಬಾಗಿ, "ಪುಢ?" ಎಂದಳು. ಮುಂದೆ?

ಮುಂದೆ ನಾನು ಏನೂ ಬರೆದಿರಲಿಲ್ಲ.